ಎಷ್ಟು ನಿಯಮ ಇದ್ದರೆ ನಿಮ್ಮ ಗುಂಪಿಗೆ ಆಟ ಸೊಗಸು? ರೋಲ್‌ಪ್ಲೇ ಆಟ ಆರಿಸಿಕೊಳ್ಳುವವರಿಗೆ

ಚಿಕ್ಕಮಗಳೂರಿನ ಕಡೆ ಜೂನ್ ಕಳೆದ ಮೇಲೆ ಭಾನುವಾರ ಹೊರಗೆ ಹೋಗುವ ಮಾತೇ ಇಲ್ಲ. ಮಳೆ ಹಿಡಿದರೆ ಬಿಡುವುದಿಲ್ಲ. ಕರೆಂಟ್ ಹೋದರೆ ಸಂಜೆಯವರೆಗೆ ಬರುವುದಿಲ್ಲ. ಆಲ್ದೂರಿನ ಹತ್ತಿರ ಅಣ್ಣನ ಮನೆಯ ಜಗುಲಿಯಲ್ಲಿ ನಾವು ಆರು ಜನ ರೋಲ್‌ಪ್ಲೇ ಆಟ ಹಿಡಿದದ್ದು ಹಾಗೆ. ಅಣ್ಣ, ಅತ್ತಿಗೆ, ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಚಿಕ್ಕಪ್ಪನ ಮಗ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಹೈಸ್ಕೂಲಿನ ಮೇಷ್ಟ್ರೊಬ್ಬರು, ಮತ್ತೆ ನಾನು.

ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಗೇಮ್ ಮಾಸ್ಟರ್ ಆಗುತ್ತಾರೆ, ಜಿಎಂ ಅಂತ ಕರೆಯುತ್ತೇವೆ. ಉಳಿದವರಿಗೆ ಒಂದೊಂದು ಪಾತ್ರ. ಎದುರಿಗೆ ಏನಿದೆ ಅಂತ ಜಿಎಂ ಹೇಳುತ್ತಾರೆ, ನಿಮ್ಮ ಪಾತ್ರ ಏನು ಮಾಡುತ್ತದೆ ಅಂತ ನೀವು ಹೇಳುತ್ತೀರಿ. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಹಾಕುತ್ತೀರಿ. ಇಷ್ಟೇ ಆಟ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ ದಿನದಿಂದ ಬುಡ ಇದೇ. ಅದರ ಮೇಲೆ ಎಷ್ಟು ನಿಯಮ ಹೇರಬೇಕು ಅನ್ನುವುದರಲ್ಲೇ ಒಂದು ಆಟಕ್ಕೂ ಇನ್ನೊಂದಕ್ಕೂ ವ್ಯತ್ಯಾಸ.

ನಾನು ಮೊದಲು ತಂದದ್ದು ಪಾತ್‌ಫೈಂಡರ್‌ನ ಎರಡನೇ ಆವೃತ್ತಿ. 2019ರಲ್ಲಿ ಬಂದ ಅದರ ಮುಖ್ಯ ಪುಸ್ತಕಕ್ಕೆ 640 ಪುಟ. ಪಾತ್ರ ಬರೆದುಕೊಳ್ಳುವುದಕ್ಕೇ ಮೂರು ಭಾನುವಾರ ಹೋಯಿತು. ರೈಟರ್ ಪೆನ್ಸಿಲ್ ಕೆಳಗಿಟ್ಟು, "ವಾರವಿಡೀ ಲೆಕ್ಕ ಬರೆದು ಬರ್ತೀನಿ. ಭಾನುವಾರವೂ ಲೆಕ್ಕವೇ ಆದ್ರೆ ಹೆಂಗೆ?" ಅಂದರು. ನನಗೆ ಚುರುಕ್ ಅಂದಿತು. ಮುಂದಿನ ವಾರ ಈ ತುದಿಯಿಂದ ಆ ತುದಿಗೆ ಹಾರಿದೆ. ಜಾನ್ ಹಾರ್ಪರ್ 2013ರಲ್ಲಿ ಬರೆದ ಲೇಸರ್ಸ್ ಅಂಡ್ ಫೀಲಿಂಗ್ಸ್, ಪೂರ್ತಿ ಆಟ ಒಂದೇ ಹಾಳೆಯಲ್ಲಿ. ರೈಟರ್ ಮುಖ ಅರಳಿತು. ಆದರೆ ಅತ್ತಿಗೆ ಮೂರು ಗಂಟೆಯಲ್ಲಿ ನಾಲ್ಕು ಮಾತು ಆಡಿರಬಹುದು, ಅಷ್ಟೇ.

ಪುಟ ಎಣಿಸಿ ಆಟ ಆರಿಸಬಾರದು ಅಂತ ನನಗೆ ಹೊಳೆದದ್ದು ಅವತ್ತು. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆಟದ ಭಾರ ಯಾರ ತಲೆ ಮೇಲೆ ಬೀಳುತ್ತದೆ? ನಿಯಮ ಜಾಸ್ತಿ ಇದ್ದರೆ ಓದಿಕೊಂಡು ಬರುವವರ ಮೇಲೆ ಬೀಳುತ್ತದೆ. ಕಡಿಮೆ ಇದ್ದರೆ ಆ ಕ್ಷಣಕ್ಕೆ ಮಾತು ಹುಟ್ಟಿಸಬೇಕಾದವರ ಮೇಲೆ ಬೀಳುತ್ತದೆ. ಭಾರ ಇಲ್ಲದ ಆಟ ಅಂತ ಒಂದಿಲ್ಲ. ನಿಮ್ಮ ಗುಂಪಿನಲ್ಲಿ ಯಾರು ಯಾವ ಭಾರವನ್ನು ಖುಷಿಯಿಂದ ಹೊರುತ್ತಾರೆ ಅನ್ನುವುದನ್ನು ನೋಡಿಕೊಂಡು ಆರಿಸಿ.

ಒಂದೇ ಸಂಕ, ನಾಲ್ಕು ಆಟ

ಸುಮ್ನೆ ಭಾರ, ಹಗುರ ಅಂದರೆ ಅರ್ಥವಾಗುವುದಿಲ್ಲ. ನಮ್ಮ ಕಡೆಯದೇ ಒಂದು ಸನ್ನಿವೇಶ ಹೇಳುತ್ತೇನೆ. ಹಳ್ಳ ತುಂಬಿ ಹರಿಯುತ್ತಿದೆ. ಅಡ್ಡಕ್ಕೆ ಅಡಿಕೆ ಮರದ ಸಂಕ, ಪಾಚಿ ಕಟ್ಟಿ ಜಾರುತ್ತಿದೆ. ನಿಮ್ಮ ಪಾತ್ರ ಬೆನ್ನ ಮೇಲೆ ಮೂಟೆ ಹೊತ್ತು ದಾಟಬೇಕು.

ಪಾತ್‌ಫೈಂಡರ್‌ನಲ್ಲಿ ಕಾದಾಟದ ನಡುವೆ ಒಂದು ಸರದಿಗೆ 3 ಆಕ್ಷನ್, ಅಂದರೆ ಮೂರು ಕೆಲಸ. ಸಂಕ ದಾಟುವುದಕ್ಕೆ ಬ್ಯಾಲೆನ್ಸ್ ಅಂತಲೇ ಒಂದು ಆಕ್ಷನ್ ಇದೆ. ಫಲ ನಾಲ್ಕು ಬಗೆ. ಬೇಕಾದ ಸಂಖ್ಯೆಗಿಂತ 10 ಜಾಸ್ತಿ ಬಂದರೆ ಬಯಲಲ್ಲಿ ನಡೆದ ಹಾಗೆ ದಾಟುತ್ತೀರಿ. ಸುಮ್ಮನೆ ಗೆದ್ದರೆ ನಿಧಾನಕ್ಕೆ ದಾಟುತ್ತೀರಿ. ಸೋತರೆ ನಿಂತಲ್ಲೇ ನಿಲ್ಲಬೇಕು, ಇಲ್ಲ ಬೀಳಬೇಕು. ತೀರಾ ಸೋತರೆ ಬಿದ್ದಿರಿ, ಸರದಿಯೂ ಮುಗಿಯಿತು. ಸಂಕದ ಮೇಲಿರುವಷ್ಟು ಹೊತ್ತು ನಿಮಗೆ ಹೊಡೆಯುವುದು ಶತ್ರುವಿಗೆ ಸುಲಭ. ಬೀಳುವಾಗ ಅಂಚು ಹಿಡಿದುಕೊಳ್ಳುವುದಕ್ಕೂ ಒಂದು ನಿಯಮ ಇದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ ಜಿಎಂ ಒಂದು ಸಂಖ್ಯೆ ಹೇಳುತ್ತಾರೆ. ಸಾಧಾರಣ ಕಷ್ಟಕ್ಕೆ 15. ಇಪ್ಪತ್ತು ಮುಖದ ದಾಳ ಹಾಕಿ ನಿಮ್ಮ ಅಂಕ ಕೂಡಿಸಬೇಕು. ಮೈ ಚುರುಕಿಗೆ 3, ಅಭ್ಯಾಸಕ್ಕೆ 2, ಒಟ್ಟು 5 ಇರುವ ಕಳ್ಳನಿಗೆ 10 ಅಥವಾ ಮೇಲೆ ಬಿದ್ದರೆ ಸಾಕು, ಅಂದರೆ ನೂರಕ್ಕೆ 55. ಏನೂ ಇಲ್ಲದ ಪೂಜಾರಿಗೆ ನೂರಕ್ಕೆ 30. ದಾಟಿದರೆ ದಾಟಿದಿರಿ, ಇಲ್ಲದಿದ್ದರೆ ಇಲ್ಲ.

2012ರ ಡಂಜನ್ ವರ್ಲ್ಡ್‌ನಲ್ಲಿ ಲೂಡೋ ಡಬ್ಬಿಯ ದಾಳ ಎರಡು ಹಾಕಿ, ಅಂಕ ಕೂಡಿಸಿ. 10 ಅಥವಾ ಮೇಲೆ ಬಂದರೆ ಸಲೀಸು. 7ರಿಂದ 9 ಬಂದರೆ ದಾಟುತ್ತೀರಿ, ಆದರೆ ಏನೋ ಕಳೆದುಕೊಳ್ಳುತ್ತೀರಿ. 6 ಅಥವಾ ಕೆಳಗೆ ಬಂದರೆ ಕೆಟ್ಟದ್ದೇನೋ ಆಗುತ್ತದೆ, ಅದೇನು ಅಂತ ಜಿಎಂ ಹೇಳಬೇಕು. ಮೈ ಚುರುಕು 2 ಇರುವವರಿಗೆ 36 ಸಲದಲ್ಲಿ 15 ಸಲ ಪೂರ್ತಿ ಗೆಲುವು, ಇನ್ನೊಂದು 15 ಸಲ ಆ ನಡುವಿನ ಫಲ, 6 ಸಲ ಸೋಲು. ನಡುವಿನ ಫಲ ಅಷ್ಟು ಸಲ ಬರುವುದರಿಂದಲೇ ಈ ಆಟದ ಕಥೆ ನಿಲ್ಲದೆ ಹೊರಳುತ್ತದೆ. ನಮ್ಮ ಮೇಷ್ಟ್ರಿಗೆ 8 ಬಿತ್ತು. "ನೀವು ದಾಟಿದಿರಿ, ಮೂಟೆ ಹಳ್ಳಕ್ಕೆ ಬಿತ್ತು. ಅದರ ಹಿಂದೆ ಹಾರ್ತೀರೋ ಬಿಡ್ತೀರೋ?" ಅಂದೆ. ಅವರು ಎರಡು ನಿಮಿಷ ಹೊರಗಿನ ಮಳೆಯನ್ನೇ ನೋಡುತ್ತಾ ಕೂತರು.

ಲೇಸರ್ಸ್ ಅಂಡ್ ಫೀಲಿಂಗ್ಸ್ ಅಂತರಿಕ್ಷದ ಆಟ. ಆದರೂ ಸಂಕಕ್ಕೆ ಒಗ್ಗಿಸಬಹುದು. ಶುರುವಿಗೇ 2ರಿಂದ 5ರೊಳಗೆ ಒಂದು ಸಂಖ್ಯೆ ಆರಿಸಿರುತ್ತೀರಿ. ಲೆಕ್ಕಾಚಾರದಿಂದ ದಾಟಿದರೆ ಆರು ಮುಖದ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಧೈರ್ಯ ಮಾಡಿ ಹಾರಿದರೆ ಮೇಲೆ ಬೀಳಬೇಕು. ಮುಗಿಯಿತು.

ನಾಲ್ಕರಲ್ಲಿ ಯಾವುದು ಒಳ್ಳೆಯದು ಅಂದರೆ, ಸಂಕದ ಮೇಲೆ ನಿಮ್ಮ ಗುಂಪಿಗೆ ಏನು ಬೇಕು ಅಂತ ಕೇಳಬೇಕಾಗುತ್ತದೆ. ಯಾವ ಹೆಜ್ಜೆ ಎಲ್ಲಿ ಇಡಬೇಕು ಅಂತ ತಲೆ ಕೆಡಿಸಿಕೊಳ್ಳುವುದೇ ಖುಷಿ ಅನ್ನುವವರು ಮೊದಲನೆಯದಕ್ಕೆ ಹೋಗಿ. ಆಮೇಲೆ ಏನಾಯ್ತು ಅನ್ನುವವರಿಗೆ ಮೂರನೆಯದು.

ಚೌಕಾಬಾರದ ಪಾಠ

ನಿಯಮ ಜಾಸ್ತಿ ಇದ್ದ ಮಾತ್ರಕ್ಕೆ ಬೇಜಾರು ಅಂತ ತಿಳಿಯಬೇಡಿ. ಚೌಕಾಬಾರ ಯಾರಾದರೂ ಓದಿ ಕಲಿತಿದ್ದೀವಾ? ನಾಲ್ಕು ಕವಡೆ, ಇಲ್ಲವೇ ಒಂದು ಕಡೆ ಉಜ್ಜಿದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ 8. ಒಬ್ಬರ ಕಾಯಿ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ. ಕಟ್ಟೆಯಲ್ಲಿದ್ದರೆ ಹೊಡೆಯುವ ಹಾಗಿಲ್ಲ. ಪುಸ್ತಕದಲ್ಲಿ ಬರೆದರೆ ಸಾಕಷ್ಟು ಪುಟ ಆಗುತ್ತದೆ. ಆದರೂ ಅಜ್ಜಿಯ ಪಕ್ಕ ಕೂತು ಆಡುತ್ತಾ ಕಲಿತದ್ದರಿಂದ ಅದು ಯಾವತ್ತೂ ಭಾರ ಅನಿಸಲಿಲ್ಲ.

ಹಾಗಾಗಿ ದಪ್ಪ ಪುಸ್ತಕ ಕಂಡು ಹೆದರುವ ಮೊದಲು ಇದೊಂದು ನೋಡಿ. ಆ ಆಟವನ್ನು ಆಡುತ್ತಾ ಸ್ವಲ್ಪ ಸ್ವಲ್ಪವೇ ಕಲಿಯಲು ಬರುತ್ತದೆಯೇ? ಕಾಲ್ ಆಫ್ ಕ್ತುಲು ಇದಕ್ಕೆ ಒಳ್ಳೆಯ ಉದಾಹರಣೆ. 1981ರಿಂದ ಇರುವ ಭಯದ ಆಟ. ಈಗಿನ ಏಳನೇ ಆವೃತ್ತಿಯ ಪುಸ್ತಕ ನಾನೂರು ಪುಟ ದಾಟುತ್ತದೆ. ಆದರೆ ಆಡುವವರಿಗೆ ಬೇಕಾದದ್ದು ಒಂದೇ ಸಾಲು. ನಿಮ್ಮ ಪಾತ್ರಕ್ಕೆ ಹುಡುಕುವ ಕಣ್ಣು 60 ಇದ್ದರೆ, ನೂರರ ದಾಳದಲ್ಲಿ 60 ಅಥವಾ ಕಡಿಮೆ ಬೀಳಬೇಕು. ಅದರ ಅರ್ಧ ಅಥವಾ ಇನ್ನೂ ಕಡಿಮೆ ಬಿದ್ದರೆ ಜೋರು ಗೆಲುವು. ಸೋತರೆ ಇನ್ನೊಂದು ಸಲ ಪಟ್ಟು ಹಿಡಿಯಬಹುದು, ಆಗಲೂ ಸೋತರೆ ಮೊದಲಿಗಿಂತ ಕೆಟ್ಟದ್ದು ಕಾದಿರುತ್ತದೆ. ಎಸ್ಎಸ್ಎಲ್‌ಸಿ ಅಂಕಪಟ್ಟಿ ಕಂಡವರಿಗೆಲ್ಲ ಶೇಕಡಾ ಲೆಕ್ಕ ಗೊತ್ತು. ವಿವರಿಸುವ ಕೆಲಸವೇ ಇಲ್ಲ. ಪುಸ್ತಕದ ಉಳಿದ ಭಾರ ಪೂರ್ತಿ ಜಿಎಂ ಮೇಲೆ.

ಇದು ನಮ್ಮ ಕಡೆಗೆ ಹೇಳಿ ಮಾಡಿಸಿದ ಆಟ ಅಂತ ನನ್ನ ಅನಿಸಿಕೆ. ಮೂಲ ಕಥೆಗಳು ಹೆಚ್ಚಾಗಿ 1920ರ ದಶಕದಲ್ಲಿ ನಡೆಯುತ್ತವೆ. ಆ ಕಾಲದ ಕಾಫಿ ದೊರೆಗಳ ಬಂಗಲೆ, ಮಂಜು, ಸಿಲ್ವರ್ ಮರದ ಸಾಲು ಸಾಕಲ್ವಾ? ಇವತ್ತಿನ ಕಾಲಕ್ಕೂ ಆಡಬಹುದು. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಚರ್ಚಿನಲ್ಲಿ ನಾನು ಒಂದು ಕಥೆ ನಡೆಸಿದೆ. ಪಾತ್ರಗಳು ತೆಪ್ಪದಲ್ಲಿ ಒಳಗೆ ಹೋದರು. ನೀರಿನ ಮಟ್ಟ ಗೋಡೆಯ ಮೇಲೆ ಗೆರೆ ಗೆರೆಯಾಗಿ ಕಾಣುತ್ತಿತ್ತು, ಒಂದು ಗೆರೆ ಮಾತ್ರ ಇನ್ನೂ ಒದ್ದೆ. ಜಗುಲಿಯಲ್ಲಿ ಯಾರೂ ಉಸಿರು ಬಿಡಲಿಲ್ಲ.

ಕನ್ನಡದಲ್ಲಿ ಆಡುವವರಿಗೆ

ಇದನ್ನು ಮೊದಲೇ ಯೋಚಿಸಿದ್ದರೆ ನನ್ನ ಮೂರು ಭಾನುವಾರ ಉಳಿಯುತ್ತಿತ್ತು. ನಾನಿಲ್ಲಿ ಹೇಳುತ್ತಿರುವ ಪುಸ್ತಕಗಳೆಲ್ಲ ಇಂಗ್ಲಿಷಿನವು. ನಾವು ಆಡುವುದು ಕನ್ನಡದಲ್ಲಿ. ನಿಯಮ ಭಾರವಾದಷ್ಟೂ ಪ್ರತಿಯೊಬ್ಬರೂ ಇಂಗ್ಲಿಷ್ ಪುಟ ಓದಬೇಕಾಗುತ್ತದೆ, ಪ್ರತಿ ಸರದಿಗೂ ಇಂಗ್ಲಿಷ್ ಪದ ನುಸುಳುತ್ತದೆ. ಹಗುರ ಆಟವನ್ನು ಒಬ್ಬರು ಓದಿಕೊಂಡು ಬಾಯಲ್ಲೇ ಕನ್ನಡಕ್ಕೆ ತಿರುಗಿಸಿ ಹೇಳಿಬಿಡಬಹುದು. ಗುಂಪಿನಲ್ಲಿ ಇಂಗ್ಲಿಷ್ ಓದಲು ಮನಸ್ಸಿಲ್ಲದವರು ಇಬ್ಬರಿದ್ದರೂ ಸಾಕು, ಪಾತ್‌ಫೈಂಡರ್ ಬಿಡಿ. ಗರ್ಪ್ಸ್ ಕೂಡ ಬಿಡಿ. 1986ರ ಆ ಆಟದಲ್ಲಿ ಯಾವ ಲೋಕ ಬೇಕಾದರೂ ಕಟ್ಟಬಹುದು, ಆದರೆ ಬೇಡದ್ದನ್ನು ತೆಗೆದುಹಾಕುವುದಕ್ಕೇ ಜಿಎಂಗೆ ವಾರಗಟ್ಟಲೆ ಬೇಕು.

ಕನ್ನಡಕ್ಕೆ ಅಚ್ಚುಕಟ್ಟಾಗಿ ಕೂರುವುದು ಫೇಟ್. ಅದರ ಚಿಕ್ಕ ರೂಪ ಫೇಟ್ ಆಕ್ಸಲರೇಟೆಡ್ ಸಾಕು, ಐವತ್ತು ಪುಟದ ಆಸುಪಾಸು. ಇಲ್ಲಿ ಪಾತ್ರದ ಶಕ್ತಿ ಅಂಕಿಯಲ್ಲಿ ಕಡಿಮೆ, ಮಾತಿನಲ್ಲಿ ಜಾಸ್ತಿ. ಆಸ್ಪೆಕ್ಟ್ ಅಂತ ಕರೆಯುವ ಚಿಕ್ಕ ಚಿಕ್ಕ ಸಾಲುಗಳನ್ನು ನೀವೇ ಬರೆದುಕೊಳ್ಳುತ್ತೀರಿ. ರೈಟರ್ ಬರೆದದ್ದು: "ಆನೆ ಎದುರು ಬಂದರೂ ದಾರಿ ಬಿಡದ ವಾಚರ್." ಒಂದು ಫೇಟ್ ಪಾಯಿಂಟ್ ಕೊಟ್ಟು ಆ ಸಾಲನ್ನು ಬಳಸಿದರೆ ದಾಳಕ್ಕೆ 2 ಸೇರುತ್ತದೆ, ಇಲ್ಲವೇ ದಾಳ ಮತ್ತೆ ಹಾಕಬಹುದು. ಅದೇ ಸಾಲಿನಿಂದ ನಿಮಗೆ ತೊಂದರೆ ಬಂದರೆ ಪಾಯಿಂಟ್ ನಿಮ್ಮ ಕೈಗೆ ಬರುತ್ತದೆ. ಸಕಲೇಶಪುರದ ಕಡೆಯ ಒಂದು ತೋಟದಲ್ಲಿ ಒಂಟಿ ಸಲಗ ಎದುರಾದಾಗ ಎಲ್ಲರೂ ಓಡಿದರು. ನಾನು ರೈಟರ್ ಕಡೆ ಒಂದು ಕಾಫಿ ಬೀಜ ತಳ್ಳಿದೆ. ನಮ್ಮಲ್ಲಿ ಪಾಯಿಂಟ್ ಅಂದರೆ ಕಾಫಿ ಬೀಜ. ಅವರು ಅದನ್ನು ನೋಡಿದರು, ತಮ್ಮ ಹಾಳೆ ನೋಡಿದರು. "ನಾನು ನಿಲ್ತೀನಿ" ಅಂದರು. ಲೆಕ್ಕ ಬೇಡ ಅಂದಿದ್ದ ಮನುಷ್ಯ ಅವರು.

ಫೇಟ್‌ನಲ್ಲಿ ತೊಡಕು ಇಲ್ಲ ಅಂತಲ್ಲ. ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು, ಮೈಗೂಡಲು ಮೂರು ನಾಲ್ಕು ಸಲ ಬೇಕು. ಯಾವ ಸಾಲು ಯಾವಾಗ ಒಪ್ಪುತ್ತದೆ ಅಂತ ಮೇಷ್ಟ್ರು ಪ್ರತಿ ಸಲ ವಾದಕ್ಕಿಳಿಯುತ್ತಿದ್ದರು. ಖಚಿತ ಉತ್ತರ ಬೇಕು ಅನ್ನುವ ಸ್ವಭಾವದವರಿಗೆ ಈ ಆಟ ನೆಮ್ಮದಿ ಕೊಡುವುದಿಲ್ಲ.

ಮಾತಿನ ಮಲ್ಲರು, ಮಾತಾಡದವರು

ಕೊಪ್ಪ, ಶೃಂಗೇರಿ ಕಡೆಯವರಿಗೆ ತಾಳಮದ್ದಲೆ ಗೊತ್ತೇ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕರ್ಣನೋ ಕೃಷ್ಣನೋ ಆಗಿ ಮಾತಿಗೆ ಮಾತು ಕೊಡುತ್ತಾರೆ. ಬಾಯಿಪಾಠ ಮಾಡಿದ ಮಾತಲ್ಲ, ಅಲ್ಲೇ ಹುಟ್ಟುವ ಮಾತು. ನಿಯಮ ಕಡಿಮೆ ಇರುವ ರೋಲ್‌ಪ್ಲೇ ಆಟ ಇದಕ್ಕೆ ತೀರಾ ಹತ್ತಿರ. ನಮ್ಮ ಅಣ್ಣ ತಾಳಮದ್ದಲೆಯಲ್ಲಿ ಅರ್ಥ ಹೇಳುವವನು. ಅವನಿಗೆ ಒಂದೇ ಹಾಳೆಯ ಆಟ ಕೊಟ್ಟರೆ ಆಕಾಶವೇ ಕೈಗೆ ಸಿಕ್ಕ ಹಾಗೆ.

ಅತ್ತಿಗೆ ಹಾಗಲ್ಲ. "ಏನು ಬೇಕಾದ್ರೂ ಮಾಡಬಹುದು ಅಂತೀಯಲ್ಲ ಮಾರಾಯ, ಅದಕ್ಕೇ ನಂಗೆ ಏನೂ ಹೊಳೆಯಲ್ಲ" ಅಂದರು ಒಮ್ಮೆ. ಹಗುರ ಆಟಗಳನ್ನು ಹೊಗಳುವವರು ಇದನ್ನು ಮರೆಯುತ್ತಾರೆ. ನಿಯಮ ಇಲ್ಲದ ಕಡೆ ಬಾಯಿ ಜೋರಿರುವವರ ಮಾತೇ ನಡೆಯುತ್ತದೆ. ನಾಚಿಕೆಯವರು, ಹೊಸಬರು, ಗಂಡನೋ ಅಣ್ಣನೋ ಎದುರಿಗೆ ಕೂತಿರುವವರು ಹಿಂದೆ ಉಳಿಯುತ್ತಾರೆ.

ಅತ್ತಿಗೆಗೆ ದಾರಿಯಾದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅವರದ್ದು ಕ್ಲೆರಿಕ್ ಪಾತ್ರ, ದೇವರ ಬಲದಿಂದ ಮಂತ್ರ ಹಾಕುವವಳು. ಏನೇನು ಮಾಡಬಹುದು ಅಂತ ಹಾಳೆಯಲ್ಲೇ ಪಟ್ಟಿ ಇದೆ. ಗಾಯ ಮಾಯಿಸುವುದು, ಹರಸುವುದು, ಬೆಳಕು ಹಚ್ಚುವುದು. ಮೊದಲ ಹಂತದಲ್ಲಿ ದೊಡ್ಡ ಮಂತ್ರ ದಿನಕ್ಕೆ 2 ಸಲ ಮಾತ್ರ. ಸಣ್ಣ ಮಂತ್ರಗಳಿಗೆ ಲೆಕ್ಕವಿಲ್ಲ. ಆ ಸಂಜೆ ನಿಜಕ್ಕೂ ಕರೆಂಟ್ ಹೋಗಿತ್ತು, ಮೇಣದಬತ್ತಿ ಒಂದೇ. ಕಥೆಯಲ್ಲೂ ಗುಹೆ, ಕತ್ತಲೆ. ಅಣ್ಣ ಉದ್ದಕ್ಕೆ ಏನೋ ಹೇಳುತ್ತಿದ್ದ. ಅತ್ತಿಗೆ ಹಾಳೆಯ ಮೇಲೆ ಬೆರಳಿಟ್ಟು, "ತಡಿರಿ, ನಾನು ನಿಮ್ಮ ಗುರಾಣಿ ಮುಟ್ತೀನಿ. ಅದು ಬೆಳಗುತ್ತೆ. ಇಪ್ಪತ್ತು ಅಡಿ ಸುತ್ತ, ಒಂದು ಗಂಟೆ" ಅಂದರು. ಯಾರೂ ಅದನ್ನು ಅಲ್ಲ ಅನ್ನುವ ಹಾಗಿರಲಿಲ್ಲ. ನಿಯಮದಲ್ಲೇ ಇದೆ. ಮಾತು ನಿಂತಿತು, ಎಲ್ಲರೂ ಅವರ ಕಡೆ ತಿರುಗಿದರು.

ಈ ಆಟದ ತೊಂದರೆ ಕಾಯುವುದು. ಕಾದಾಟದ ಒಂದು ಸುತ್ತು ಕಥೆಯಲ್ಲಿ 6 ಸೆಕೆಂಡು, ನಮ್ಮ ಜಗುಲಿಯಲ್ಲಿ ಕಾಲು ಗಂಟೆ. ಪ್ರತಿಯೊಬ್ಬರಿಗೂ ಓಡಾಟ, ಒಂದು ಆಕ್ಷನ್, ಕೆಲವರಿಗೆ ಇನ್ನೊಂದು ಚಿಕ್ಕ ಆಕ್ಷನ್. 2014ರ ಪುಸ್ತಕದಲ್ಲಿ ಗಾಬ್ಲಿನ್ ಅನ್ನುವ ಒಂದು ಪುಟ್ಟ ರಾಕ್ಷಸನಿಗೆ ಹೊಡೆಯಲು 15 ಅಥವಾ ಮೇಲೆ ಬರಬೇಕು, ಆಮೇಲೆ ಅದರ 7 ಅಂಕ ಜೀವ ಕಳೆಯಬೇಕು. ಬರದಿದ್ದರೆ ಕಾಲು ಗಂಟೆ ಕಾದದ್ದು ವ್ಯರ್ಥ. ನಾಲ್ಕು ಜನಕ್ಕಿಂತ ಜಾಸ್ತಿ ಆಟಗಾರರಿದ್ದರೆ ಇದನ್ನು ಗಟ್ಟಿಯಾಗಿ ಯೋಚಿಸಿ.

ಕಾಯಲು ಆಗದವರು ಕೇರ್ನ್ ನೋಡಿ. 2020ರ ಆಟ, ತೆಳ್ಳಗಿದೆ, ಉಚಿತವಾಗಿ ಸಿಗುತ್ತದೆ. ಹೊಡೆತ ತಾಗಿತೋ ಇಲ್ಲವೋ ಅಂತ ದಾಳ ಹಾಕುವುದೇ ಇಲ್ಲ. ಹೊಡೆದರೆ ತಾಗಿತು. ಎಷ್ಟು ಪೆಟ್ಟು ಅನ್ನುವುದಕ್ಕೆ ಮಾತ್ರ ದಾಳ, ಅದರಲ್ಲಿ ಕವಚದ ಅಂಕ ಕಳೆಯಿರಿ. ಕಾದಾಟ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಹೊರುವ ಸಾಮಾನಿಗೆ 10 ಜಾಗ ಮಾತ್ರ. ಹಗ್ಗ ತರಬೇಕೋ ಊಟ ತರಬೇಕೋ ಅನ್ನುವುದೇ ಅಲ್ಲಿ ದೊಡ್ಡ ಯೋಚನೆ. ಪಾತ್ರ ಸಾಯುವುದು ಬೇಗ, ಅದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ.

ಜಿಎಂ ಆಗುವವರ ಸುಸ್ತು

ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಹಾಗಾಗಿ ಹೇಳುತ್ತೇನೆ. ಡಂಜನ್ ವರ್ಲ್ಡ್ ನಡೆಸಿದ ದಿನ ನನಗೆ ಮುಂಚಿನ ತಯಾರಿ ಇರುವುದಿಲ್ಲ, ಆದರೆ ಮೂರನೇ ಗಂಟೆಗೆ ತಲೆ ಬರಿದಾಗುತ್ತದೆ. 7ರಿಂದ 9 ಬಿದ್ದಾಗಲೆಲ್ಲ ಹೊಸ ತೊಂದರೆ ಹುಟ್ಟಿಸಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಶನಿವಾರ ರಾತ್ರಿ ಎರಡು ಗಂಟೆ ಕೂತು ಬರೆಯಬೇಕು, ಭಾನುವಾರ ಹಗುರ. ಪಾತ್‌ಫೈಂಡರ್‌ನ ಒಳ್ಳೆಯ ಗುಣವೂ ಇದೇ. ಯಾವ ಪ್ರಶ್ನೆ ಬಂದರೂ ಉತ್ತರ ಬರೆದಿಟ್ಟಿದೆ. ಆರ್ಕೈವ್ಸ್ ಆಫ್ ನೆಥಿಸ್ ಅನ್ನುವ ತಾಣದಲ್ಲಿ ನಿಯಮಗಳು ಉಚಿತ. ಚಿಕ್ಕಪ್ಪನ ಮಗ ಹಾಸ್ಟೆಲಿನಲ್ಲಿ ಕೂತು ಅದನ್ನೇ ಓದುತ್ತಾನೆ, ಹಾಸನದಲ್ಲಿ ಅವನಂಥ ನಾಲ್ವರನ್ನು ಸೇರಿಸಿಕೊಂಡು ಈಗ ಅದನ್ನೇ ಆಡುತ್ತಾನೆ. ಆ ಗುಂಪಿಗೆ ಅದು ಸರಿಯಾದ ಆಟ. ನಮಗಾಗಿರಲಿಲ್ಲ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಇಪ್ಪತ್ತು ಮುಖದ ದಾಳವನ್ನು ನಾನು ಆನ್‌ಲೈನಿನಲ್ಲಿ ತರಿಸಿದ್ದು. ಬರುವವರೆಗೆ ಕಾಯಬೇಕಿಲ್ಲ. ನೂರರ ದಾಳಕ್ಕೆ 0ಯಿಂದ 9ರವರೆಗೆ ಚೀಟಿ ಬರೆದು ಲೋಟಕ್ಕೆ ಹಾಕಿ, ಎರಡು ಸಲ ಎತ್ತಿ, ಮೊದಲು ಎತ್ತಿದ್ದನ್ನು ವಾಪಸ್ ಹಾಕಿ. ಫೇಟ್‌ಗೆ ಲೂಡೋ ದಾಳ 4 ಸಾಕು. 1, 2 ಬಿದ್ದರೆ ಒಂದು ಕಳೆಯಿರಿ. 3, 4 ಬಿದ್ದರೆ ಏನೂ ಇಲ್ಲ. 5, 6 ಬಿದ್ದರೆ ಒಂದು ಕೂಡಿಸಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೂ ಬೇಸಿಕ್ ರೂಲ್ಸ್ ಉಚಿತವಾಗಿ ಇದೆ. ದಪ್ಪ ಪುಸ್ತಕಕ್ಕೆ ಈಗಲೇ ದುಡ್ಡು ಹಾಕಬೇಡಿ.

ಆರಿಸುವುದಕ್ಕೆ ನಾನು ಕೊಡುವ ಸಲಹೆ ಇಷ್ಟು. ತಿಂಗಳಿಗೊಮ್ಮೆ ಸಿಗುವ ಗುಂಪಾದರೆ ಹಗುರದ್ದು ಹಿಡಿಯಿರಿ, ಭಾರದ ನಿಯಮ ನಡುವಿನ ನಾಲ್ಕು ವಾರದಲ್ಲಿ ಮರೆತೇ ಹೋಗುತ್ತದೆ. ವಾರ ವಾರ ಸೇರುವವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೊದಲ ಹಂತದಿಂದ ಶುರು ಮಾಡಿ, ಮೇಲಿನ ಹಂತಕ್ಕೆ ಹಾರಬೇಡಿ. ಹಬ್ಬಕ್ಕೆ ಬಂದ ನೆಂಟರ ಜೊತೆ ಒಂದೇ ಸಂಜೆ ಆಡುವುದಾದರೆ ಒಂದು ಹಾಳೆಯ ಆಟ, ಕರಡಿಗಳು ಜೇನು ಕದಿಯಲು ಹೋಗುವ ಹನಿ ಹೈಸ್ಟ್ ಮಕ್ಕಳಿಗೆ ಬಲು ಇಷ್ಟ. ಭಯ ಬೇಕಾದರೆ ಕ್ತುಲು, ಆದರೆ ಯಾರಿಗೆ ಯಾವ ವಿಷಯ ಬೇಡ ಅಂತ ಮೊದಲೇ ಕೂತು ಮಾತಾಡಿಕೊಳ್ಳಿ. ಮನೆಯಲ್ಲಿ ಈಚೆಗೆ ಸಾವು ನೋವು ಆಗಿದ್ದರೆ ಆ ಮಾತು ಮೊದಲೇ ಬರಬೇಕು.

ನಿರ್ಧಾರ ಮಾಡುವ ಮುಂಚೆ ಎರಡು ಮೂರು ಆಟವನ್ನು ಒಂದೊಂದು ಸಂಜೆ ಆಡಿ ನೋಡಿ. ಮುಗಿದ ಮೇಲೆ "ಚೆನ್ನಾಗಿತ್ತಾ?" ಅಂತ ಕೇಳಬೇಡಿ. ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಒಂದು ವಾರ ಬಿಟ್ಟು, ಯಾವುದು ನೆನಪಿದೆ ಅಂತ ಒಬ್ಬೊಬ್ಬರನ್ನೇ ಕೇಳಿ. ಹೋದ ಮಳೆಗಾಲ ಮುಗಿದಾಗ ನಾನು ಹಾಗೆ ಕೇಳಿದೆ. ಅಣ್ಣ ತನ್ನ ಭಾಷಣ ನೆನೆದ. ರೈಟರ್ ಸಲಗದ ಕಥೆ ಹೇಳಿದರು. ಅತ್ತಿಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ತಲೆ ಎತ್ತದೆ, "ನಾನು ಗುರಾಣಿ ಮುಟ್ಟಿದ್ದು" ಅಂದರು.